ಎರಡು ಲಕ್ಷ ಪದಗಳ ಮೊದಲ ಕಾದಂಬರಿ

ಹಸ್ತಪ್ರತಿ ತಿದ್ದುವ ಕೆಲಸ ಹಿಡಿದ ಮೇಲೆ ಫ್ಯಾಂಟಸಿ, ಅಂದರೆ ಮಾಯಾಲೋಕದ ಕತೆ ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ ಹೆಸರು ಕಿವಿಗೆ ಬಿದ್ದರೆ ಸಣ್ಣಗೆ ತಲೆನೋವು ಶುರುವಾಗುತ್ತದೆ. ಅವರ ಮೇಲೆ ಸಿಟ್ಟಿಲ್ಲ, ಅವರನ್ನು ಸಾಕ್ಷಿಗೆ ಎಳೆದು ತರುವವರ ಮೇಲೆ. ಎರಡು ಲಕ್ಷ ಪದಗಳ ಫೈಲ್ ಬರುತ್ತದೆ, ಜೊತೆಗೊಂದು ಸಾಲು: ‘ಫ್ಯಾಂಟಸಿ ಅಂದ್ರೆ ದಪ್ಪ ಇರ್ಲೇಬೇಕಲ್ವಾ ಮೇಡಂ? ಲಾರ್ಡ್ ಆಫ್ ದಿ ರಿಂಗ್ಸ್ ನೋಡಿ.’

ಸರಿ, ಅದನ್ನೇ ನೋಡೋಣ. ಟೋಲ್ಕಿನ್ ಮೊದಲು ಪ್ರಕಟಿಸಿದ ಕಾದಂಬರಿ ಅದಲ್ಲ. 1937ರ ‘ದಿ ಹಾಬಿಟ್’, ಸುಮಾರು 95,000 ಇಂಗ್ಲಿಷ್ ಪದ. ಅದು ಚೆನ್ನಾಗಿ ಹೋದ ಮೇಲೆ ಪ್ರಕಾಶಕರೇ ಇನ್ನೊಂದು ಕೊಡಿ ಎಂದು ಕೇಳಿದರು. ಆ ಇನ್ನೊಂದೇ ಲಾರ್ಡ್ ಆಫ್ ದಿ ರಿಂಗ್ಸ್. ಅದನ್ನು ಬರೆದು ಮುಗಿಸಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆಗಲೂ ಪ್ರಕಾಶಕರಿಗೆ ನಷ್ಟದ ಭಯ. ಮಾರಿದ ಪ್ರತಿಗೆ ಇಷ್ಟು ಎಂದು ಕೊಡುವ ಮಾಮೂಲಿ ರಾಯಲ್ಟಿ ಬಿಟ್ಟು, ಹಾಕಿದ ಖರ್ಚು ವಾಪಸ್ ಬಂದ ಮೇಲೆ ಲಾಭ ಹಂಚಿಕೊಳ್ಳುವ ಕರಾರು ಮಾಡಿಕೊಂಡರು. ಕಾಗದ ದುಬಾರಿ ಎಂದು 1954–55ರಲ್ಲಿ ಮೂರು ಸಂಪುಟಗಳಾಗಿ ಒಡೆದು ತಂದರು. ಮೊದಲ ಹ್ಯಾರಿ ಪಾಟರ್ (1997) ಸುಮಾರು 77,000 ಪದ. ಐದನೆಯದು ಎರಡೂವರೆ ಲಕ್ಷ ದಾಟಿತು ನಿಜ, ಆದರೆ ಅಷ್ಟು ಹೊತ್ತಿಗೆ ಓದುಗರು ಮಧ್ಯರಾತ್ರಿ ಅಂಗಡಿ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ನಿಮ್ಮ ಮೊದಲ ಪುಸ್ತಕಕ್ಕೆ ನಿಲ್ಲುವವರು ಸೋದರಮಾವ ಮತ್ತು ಆಫೀಸಿನ ಇಬ್ಬರು ಗೆಳೆಯರು.

ಅಪವಾದಗಳಿವೆ. ಇಂಗ್ಲಿಷ್ ಫ್ಯಾಂಟಸಿ ಲೇಖಕಿ ಸುಸಾನಾ ಕ್ಲಾರ್ಕ್ ಅವರ ಮೊದಲ ಕಾದಂಬರಿ (2004) ಮೂರು ಲಕ್ಷ ಪದಗಳನ್ನು ಮೀರಿದ್ದು. ಆದರೆ ಅವರು ಅದಕ್ಕೆ ಹತ್ತು ವರ್ಷ ಕೊಟ್ಟಿದ್ದರು, ನಡುವೆ ಸಣ್ಣಕತೆಗಳಿಂದ ಹೆಸರನ್ನೂ ಮಾಡಿಕೊಂಡಿದ್ದರು.

ಈಗ ಲೆಕ್ಕ. ಹೊಸಬರ ಫ್ಯಾಂಟಸಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಹೇಳುವ ಗಾತ್ರ 90,000ದಿಂದ 1,20,000 ಪದ. ಅದನ್ನು ಹಾಗೆಯೇ ಕನ್ನಡಕ್ಕೆ ತರಬೇಡಿ. ವಿಭಕ್ತಿ, ಅವ್ಯಯ ಎಲ್ಲ ನಮ್ಮಲ್ಲಿ ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಕತೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ನನ್ನನ್ನು ಕೇಳಿದರೆ ಕನ್ನಡದ ಮೊದಲ ಫ್ಯಾಂಟಸಿಗೆ 50,000ದಿಂದ 80,000 ಪದ. ಇದು ಅಂದಾಜು, ಶಾಸನವಲ್ಲ. ಡೆಮಿ 1/8 ಎಂಬ ಮಾಮೂಲಿ ಪುಸ್ತಕದ ಅಳತೆಯಲ್ಲಿ ಪುಟಕ್ಕೆ ಇನ್ನೂರು ಚಿಲ್ಲರೆ ಪದ ಹಿಡಿಯುತ್ತದೆ ಎಂದುಕೊಂಡರೆ 80,000 ಪದ ಮುನ್ನೂರೈವತ್ತು ಪುಟ ದಾಟುತ್ತದೆ. ಎರಡು ಲಕ್ಷ ಪದ ಒಂಬೈನೂರು ಪುಟ. ಹೆಸರೇ ಕೇಳದ ಲೇಖಕರ ಪುಸ್ತಕಕ್ಕೆ ಸಾವಿರ ರೂಪಾಯಿ ಕೊಡಿ ಎಂದು ಯಾವ ಅಂಗಡಿಯವರು ಗಿರಾಕಿಯ ಹತ್ತಿರ ಹೇಳುತ್ತಾರೆ? ಮತ್ತೆ, ದಯವಿಟ್ಟು ‘ನಾನೂರು ಪುಟ ಇದೆ’ ಎಂದು ಬರೆಯಬೇಡಿ. ನಿಮ್ಮ ಎ4 ಪುಟ, ನಿಮ್ಮ ಅಕ್ಷರದ ಗಾತ್ರ ನನಗೇನು ಗೊತ್ತು? ಪದಗಳ ಸಂಖ್ಯೆ ಹೇಳಿ.

ಇಷ್ಟು ಹೇಳಿದರೂ ಒಂದು ಮಾತು ಮಾತ್ರ ಯಾರ ತಲೆಗೂ ಹೋಗುವುದಿಲ್ಲ. ನೀವು ಕಟ್ಟಿದ ಲೋಕ ದೊಡ್ಡದಾಗಿದ್ದರೆ ಪುಸ್ತಕವೂ ದೊಡ್ಡದಾಗಬೇಕಿಲ್ಲ. ಏಳು ತಲೆಮಾರಿನ ರಾಜರು, ಅವರ ನಾಣ್ಯ, ಪಂಚಾಂಗ, ಎರಡು ಚಂದ್ರರ ಗ್ರಹಣ ಎಲ್ಲವೂ ನಿಮಗೆ ತಿಳಿದಿರಲಿ, ನೋಟ್‌ಬುಕ್ಕಿನಲ್ಲಿರಲಿ. ಕತೆಯೊಳಗೆ ಬರಬೇಕಾದದ್ದು ಪಾತ್ರದ ಕೈಕಾಲಿಗೆ ತೊಡರುವಷ್ಟು ಮಾತ್ರ. ನಾಯಕಿ ಸಾಲ ತೀರಿಸಬೇಕಾದಾಗ ನಾಣ್ಯ ಬರಲಿ, ಗ್ರಹಣದ ರಾತ್ರಿ ಕೋಟೆ ದಾಟಬೇಕಾದಾಗ ಚಂದ್ರರು ಬರಲಿ. ಅದಕ್ಕಿಂತ ಮೊದಲು ಬಂದರೆ ಓದುಗರ ಪಾಲಿಗೆ ಅದು ಪರೀಕ್ಷೆಯ ಪೋರ್ಷನ್. ನಮ್ಮವರಿಗಂತೂ ಒಂದು ಅನುಕೂಲವಿದೆ. ಗಂಧರ್ವ, ಬೇತಾಳ, ಶಾಪ, ಪರಕಾಯಪ್ರವೇಶ ಎಂದರೆ ಸಾಕು, ಚಂದಮಾಮ ಓದಿ ಯಕ್ಷಗಾನ ನೋಡಿ ಬೆಳೆದವರಿಗೆ ಒಂದು ಪ್ಯಾರಾ ವಿವರಣೆಯೂ ಬೇಡ. ಅದನ್ನು ಬಿಟ್ಟು ಬಾಯಿಗೇ ಬಾರದ ಹೆಸರಿನ ಇಪ್ಪತ್ತು ಕುಲಗಳನ್ನು ಹುಟ್ಟಿಸಿದರೆ ಒಂದೊಂದಕ್ಕೂ ಪರಿಚಯಪತ್ರ ಬರೆಯುತ್ತಾ ಕೂರಬೇಕಾಗುತ್ತದೆ.

ಶಿವಮೊಗ್ಗ ಕಡೆಯ ಹುಡುಗನೊಬ್ಬ ಇಂಥದ್ದೇ ತಂದಿದ್ದ. ಸಾಫ್ಟ್‌ವೇರ್ ಕೆಲಸ, ಬಂಗಾರದಂಥ ಹುಡುಗ, ಭಾಷೆಯೂ ಸೊಗಸು. ಆರಂಭದ ನೂರು ಪುಟ ಬರೀ ವಂಶಾವಳಿ. ಆಮೇಲೆ ಒಬ್ಬಳು ಹುಡುಗಿ ಯಾರಿಗೂ ಹೇಳದೆ ನೆರೆ ಬಂದ ಹೊಳೆಗೆ ದೋಣಿ ಇಳಿಸುತ್ತಾಳೆ. ಅಲ್ಲಿಂದ ಶುರು ಮಾಡಪ್ಪ ಅಂದೆ. ‘ಅಷ್ಟೂ ತೆಗೆದ್ರೆ ಏನೂ ಅರ್ಥ ಆಗಲ್ಲ ಮೇಡಂ’ ಅಂದ.

‘ಮನೇಲಿ ಯಾರಾದ್ರೂ ಓದಿದ್ರಾ?’

‘ತಂಗಿ ಓದಿದ್ಲು.’

‘ಮೊದಲ ನೂರು ಪುಟದ ಬಗ್ಗೆ ಏನಂದ್ಲು?’

ತಲೆ ಕೆರೆದುಕೊಂಡ. ‘ಅದನ್ನ ಬಿಟ್ಟು ಓದಿದ್ಲಂತೆ. ಆ ಹುಡುಗಿ ವಾಪಸ್ ಬರ್ತಾಳಾ ಅಂತ ಮಾತ್ರ ಕೇಳಿದ್ಲು.’

ಕೊನೆಗೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ ಅನ್ನುವುದು ಬೇರೆ ಮಾತು.

ಕತ್ತರಿಸಲು ಮನಸ್ಸಾಗದವರು ಕೇಳುವುದು, ‘ಎರಡು ಭಾಗ ಮಾಡೋಣ್ವಾ?’ ಮಾಡಬಹುದು. ಆದರೆ ನಡುವೆ ಎಲ್ಲೋ ತುಂಡರಿಸಿ ‘ಮುಂದುವರಿಯುವುದು’ ಎಂದು ಹಾಕಿದರೆ ಆಗುವುದಿಲ್ಲ. ಮೊದಲ ಭಾಗ ಎತ್ತಿದ ಮುಖ್ಯ ಪ್ರಶ್ನೆಗೆ ಆ ಭಾಗದಲ್ಲೇ ಉತ್ತರ ಸಿಗಬೇಕು. ಯಾಕೆಂದರೆ ಬಹುಪಾಲು ಪ್ರಕಾಶಕರು ಮೊದಲನೆಯದರ ಮಾರಾಟ ನೋಡಿಯೇ ಎರಡನೆಯದಕ್ಕೆ ಕೈ ಹಾಕುವುದು, ಮತ್ತು ಆ ಮಾರಾಟಕ್ಕೆ ನಾನಾಗಲಿ ಅವರಾಗಲಿ ಖಾತರಿ ಕೊಡಲಾರೆವು.