ಮಾಸದ ಚಿತ್ರ, ಮಾಸಿದ ನಿಯಮ

ಅಮೆರಿಕದ ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ 1980ರಲ್ಲಿ ‘ಮಿಸ್ಟರಿ ಹೌಸ್’ ಎಂಬ ಕಂಪ್ಯೂಟರ್ ಆಟವನ್ನು ಹೊರತಂದರು. ಅದುವರೆಗೆ ಸಾಹಸ ಆಟವೆಂದರೆ ಬರೀ ಅಕ್ಷರ. ವಿಲ್ ಕ್ರೌದರ್ 1976ರಲ್ಲಿ ಬರೆದು, ಮರುವರ್ಷ ಡಾನ್ ವುಡ್ಸ್ ಬೆಳೆಸಿದ ಗುಹೆಯ ಆಟದಲ್ಲಿ ಇಡೀ ಗುಹೆ ವಾಕ್ಯಗಳಲ್ಲೇ ಇತ್ತು. ಉತ್ತರಕ್ಕೆ ಹೋಗಬೇಕೆಂದರೂ ದೀಪ ಎತ್ತಿಕೊಳ್ಳಬೇಕೆಂದರೂ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಿತ್ತು. ಆ ಆಟಕ್ಕೆ ಮನಸೋತ ರಾಬರ್ಟಾ ತಮ್ಮ ಕೊಲೆ ಕಥೆಗೆ ಚಿತ್ರಗಳನ್ನೂ ಸೇರಿಸಲು ಹೊರಟರು. ಹೀಗೆ ಸಿದ್ಧವಾದದ್ದು 70 ಗೆರೆಚಿತ್ರಗಳು.

ಇಲ್ಲಿ ಲೆಕ್ಕವೊಂದು ಅಡ್ಡ ಬಂತು. ಆಪಲ್ 2 ಕಂಪ್ಯೂಟರಿನ ಪರದೆಯಲ್ಲಿ ಅಡ್ಡಕ್ಕೆ 280, ಉದ್ದಕ್ಕೆ 192 ಚುಕ್ಕೆಗಳು. ಪರದೆ ತುಂಬುವ ಒಂದು ಚಿತ್ರಕ್ಕೆ 8 ಕಿಲೋಬೈಟ್ ಜಾಗ ಬೇಕು. 70 ಚಿತ್ರಗಳಿಗೆ 560 ಕಿಲೋಬೈಟ್. ಆದರೆ ಅಂದಿನ ಆಪಲ್ ಫ್ಲಾಪಿ 140 ಕಿಲೋಬೈಟ್‌ಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹಾಗಾಗಿ ಕೆನ್ ಚಿತ್ರವನ್ನು ಉಳಿಸಿಡುವ ಬದಲು ಚಿತ್ರ ಬರೆಯುವ ಕ್ರಮವನ್ನು ಉಳಿಸಿಟ್ಟರು. ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳೆ, ಅಲ್ಲಿಂದ ಮತ್ತೊಂದಕ್ಕೆ ಎಳೆ ಎಂಬ ಸೂಚನೆಗಳಷ್ಟೇ ಫ್ಲಾಪಿಯಲ್ಲಿದ್ದವು. ಕೋಣೆಯೊಳಗೆ ಕಾಲಿಟ್ಟಾಗಲೆಲ್ಲ ಕಂಪ್ಯೂಟರ್ ಆ ಸೂಚನೆಗಳನ್ನು ಓದಿ ಚಿತ್ರವನ್ನು ಹೊಸದಾಗಿ ಬರೆಯುತ್ತಿತ್ತು.

ಇಷ್ಟು ವಿವರಕ್ಕೆ ಇಳಿದದ್ದಕ್ಕೆ ಕಾರಣವಿದೆ. ಹಳೆಯ ಸಾಹಸ ಆಟಗಳನ್ನು ಇಂದು ಆಡಲು ಕೂತವರು ಮೊದಲು ನೋಡುವುದು ಚಿತ್ರಗಳನ್ನು, ಮೊದಲು ತೆಗೆಯುವ ತಕರಾರೂ ಅವುಗಳದ್ದೇ: ಒರಟು, ಮಂದ, ಕಡಿಮೆ ಬಣ್ಣ. ಆ ತಕರಾರನ್ನು ನಾನು ಒಪ್ಪುವುದಿಲ್ಲ. ಈ ಆಟಗಳಲ್ಲಿ ಕಾಲ ಚೆನ್ನಾಗಿ ಉಳಿಸಿಕೊಟ್ಟಿರುವುದು ಚಿತ್ರಗಳನ್ನೇ. ಮುಗ್ಗಲು ಹಿಡಿದಿರುವುದು ನಿಯಮಗಳು.

ಜಯನಗರದ ಮನೆಯಲ್ಲಿ ಅಕ್ಕನ ಮಗಳಿಗೆ ‘ಕಿಂಗ್ಸ್ ಕ್ವೆಸ್ಟ್’ ತೋರಿಸಿದಾಗ ನನಗೆ ಇದು ಸ್ಪಷ್ಟವಾಯಿತು. ಅದು 1984ರಲ್ಲಿ ಐಬಿಎಂನ ಪಿಸಿ ಜೂನಿಯರ್‌ಗಾಗಿ ಇದೇ ವಿಲಿಯಮ್ಸ್ ದಂಪತಿಯ ಸಂಸ್ಥೆ ಮಾಡಿದ ಆಟ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 200 ಚುಕ್ಕೆ, ಒಟ್ಟು 16 ಬಣ್ಣ. ಕಥಾನಾಯಕ ಗ್ರಹಾಮ್ ಕೋಟೆಯ ಮುಂದೆ ನಿಂತಿರುತ್ತಾನೆ, ಸುತ್ತ ಮೊಸಳೆಗಳಿರುವ ಕಂದಕ. ಹುಡುಗಿ ಅವನನ್ನು ಒಂದು ಮರದ ಹಿಂದಕ್ಕೆ ನಡೆಸಿದಳು, ಮತ್ತೆ ಮುಂದಕ್ಕೆ ತಂದಳು, ಮತ್ತೆ ಹಿಂದಕ್ಕೆ. ‘ಮಾಮ, ಚಿತ್ರ ಇರುವುದು ಒಂದೇ ಅಲ್ಲವೇ? ಇವನು ಮರದ ಹಿಂದೆ ಇದ್ದಾನೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?’ ಎಂದು ಕೇಳಿದಳು.

ಚಿತ್ರ ಒಂದಲ್ಲ, ಎರಡು. ಕಣ್ಣಿಗೆ ಕಾಣುವ ಚಿತ್ರದ ಜೊತೆಗೆ ಅದೇ ಅಳತೆಯ ಇನ್ನೊಂದು ಚಿತ್ರ ಸ್ಮೃತಿಯಲ್ಲಿ ಅಡಗಿರುತ್ತದೆ. ಅದರಲ್ಲಿನ ಬಣ್ಣಗಳು ಅಂದಕ್ಕಲ್ಲ, ದೂರವನ್ನು ಹೇಳುವುದಕ್ಕೆ. ಪರದೆಯನ್ನು ಅಡ್ಡಪಟ್ಟಿಗಳಾಗಿ ವಿಂಗಡಿಸಿ ಪ್ರತಿ ಪಟ್ಟಿಗೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಕೆಳಗಿನ ಪಟ್ಟಿ ನೋಡುಗರಿಗೆ ಹತ್ತಿರ, ಸಂಖ್ಯೆ ದೊಡ್ಡದು. ಮರದ ಬುಡ ಯಾವ ಪಟ್ಟಿಯಲ್ಲಿದೆಯೋ ಆ ಸಂಖ್ಯೆಯನ್ನು ಅಡಗಿದ ಚಿತ್ರದಲ್ಲಿ ಇಡೀ ಮರಕ್ಕೆ ಬಳಿದಿರುತ್ತಾರೆ. ಗ್ರಹಾಮನ ಪಾದ ಇರುವ ಪಟ್ಟಿಯೇ ಅವನ ಸಂಖ್ಯೆ. ಅವನನ್ನು ಬರೆಯುವಾಗ ಕಂಪ್ಯೂಟರ್ ಚುಕ್ಕೆ ಚುಕ್ಕೆಗೂ ಎರಡು ಸಂಖ್ಯೆಗಳನ್ನು ಹೋಲಿಸುತ್ತದೆ. ಅವನದು ಚಿಕ್ಕದಾದರೆ ಆ ಚುಕ್ಕೆ ಬರೆಯದೆ ಬಿಡುತ್ತದೆ, ಮರ ಉಳಿಯುತ್ತದೆ. ನೀರು ಎಲ್ಲಿದೆ, ಗೋಡೆ ಎಲ್ಲಿದೆ ಎಂಬುದನ್ನೂ ಅದೇ ಅಡಗಿದ ಚಿತ್ರದಲ್ಲಿ ಬೇರೆ ಬಣ್ಣದ ಗೆರೆಗಳಾಗಿ ಎಳೆದಿರುತ್ತಾರೆ. ಸೇತುವೆಯಿಂದ ಕಾಲು ತಪ್ಪಿ ಆ ಗೆರೆ ತುಳಿದರೆ ಕಂದಕಕ್ಕೆ ಬಿದ್ದಂತೆ. ಇಂದಿನ ಮೂರು ಆಯಾಮದ ಆಟಗಳಲ್ಲೂ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ತೀರ್ಮಾನಿಸಲು ಪ್ರತಿ ಚುಕ್ಕೆಗೂ ದೂರದ ಸಂಖ್ಯೆ ಇಟ್ಟು ಹೋಲಿಸುವ ಪದ್ಧತಿಯೇ ಇದೆ. ಇದನ್ನು ವಿವರಿಸಿದ ಮೇಲೆ ಅವಳು ಎಷ್ಟೋ ಹೊತ್ತು ಆಟ ಮುಂದುವರಿಸದೆ ಮರ, ಬಂಡೆ, ಗೋಡೆಗಳ ಹಿಂದೆ ಮುಂದೆ ಗ್ರಹಾಮನನ್ನು ಓಡಾಡಿಸುತ್ತಿದ್ದಳು. ನನಗೂ ನಿಲ್ಲಿಸು ಎನ್ನಲು ಮನಸ್ಸಾಗಲಿಲ್ಲ.

ಬಣ್ಣದ ಬಡತನವನ್ನೂ ಕಲಾವಿದರು ಹೀಗೇ ಜಾಣತನದಿಂದ ನೀಗಿಸಿದರು. ಲೂಕಾಸ್‌ಫಿಲ್ಮ್ ಗೇಮ್ಸ್ 1990ರಲ್ಲಿ ತಂದ ‘ಲೂಮ್’ ಆಟದ ಹಿನ್ನೆಲೆಗಳನ್ನು ಬರೆದ ಮಾರ್ಕ್ ಫೆರಾರಿಗೆ ಸಿಕ್ಕಿದ್ದೂ ಹದಿನಾರೇ ಬಣ್ಣ. ಅವರು ಕಪ್ಪು ಮತ್ತು ನೀಲಿ ಚುಕ್ಕೆಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆದು, ಆ ಹದಿನಾರರಲ್ಲಿ ಇಲ್ಲದ ರಾತ್ರಿಯ ನೀಲಿಯನ್ನು ತಂದರು. ಅಕ್ಕಪಕ್ಕದ ಪುಟ್ಟ ಚುಕ್ಕೆಗಳನ್ನು ಕಣ್ಣು ಬೇರೆ ಬೇರೆಯಾಗಿ ಹಿಡಿಯಲಾರದೆ ಬೆರೆಸಿ ನೋಡುತ್ತದೆ. ಪತ್ರಿಕೆಯ ಮುದ್ರಿತ ಫೋಟೋ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಅಂದಿನ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಚುಕ್ಕೆಯ ಅಂಚು ಅಷ್ಟು ಚೂಪಾಗಿರುತ್ತಿರಲಿಲ್ಲವಾದ್ದರಿಂದ ಬೆರೆಯುವ ಕೆಲಸ ಇನ್ನಷ್ಟು ಸುಲಭವಾಗುತ್ತಿತ್ತು.

ಇಂದಿನ ಪರದೆಯಲ್ಲಿ ಈ ಚಿತ್ರಗಳು ಒರಟಾಗಿ ಕಂಡರೆ ತಪ್ಪು ಬಹುಪಾಲು ನಾವು ತೋರಿಸುವ ರೀತಿಯದು. 320 ಮತ್ತು 200 ಚುಕ್ಕೆಗಳ ಚಿತ್ರವನ್ನು ಅಂದು ನಾಲ್ಕಕ್ಕೆ ಮೂರರ ಪ್ರಮಾಣದ ಪರದೆಯ ಮೇಲೆ ಹಿಗ್ಗಿಸಿ ತೋರಿಸುತ್ತಿದ್ದರು. ಅಂದರೆ ಪ್ರತಿ ಚುಕ್ಕೆಯೂ ಅಗಲದ 1.2 ಪಟ್ಟು ಎತ್ತರವಿತ್ತು. ಈಗಿನ ಚೌಕ ಚುಕ್ಕೆಗಳಲ್ಲಿ ಹಾಗೆಯೇ ತೋರಿಸಿದರೆ ಎಲ್ಲರೂ ಕುಳ್ಳಗಾಗುತ್ತಾರೆ, ಹುಣ್ಣಿಮೆಯ ಚಂದ್ರ ಚಪ್ಪಟೆಯಾಗುತ್ತಾನೆ. ಎತ್ತರವನ್ನು 240ಕ್ಕೆ ಸರಿಪಡಿಸುವ ಆಯ್ಕೆ, ಈ ಆಟಗಳನ್ನು ಇಂದು ಓಡಿಸುವ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ದಯವಿಟ್ಟು ಅದನ್ನು ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ.

ಇನ್ನು ನಿಯಮಗಳು. ಟೈಪ್ ಮಾಡಿ ಆಡುವ ಆಟಗಳು ನಮ್ಮ ಕಡೆಯ ಮಕ್ಕಳಿಗೆ ಎಷ್ಟು ಕಷ್ಟ ಕೊಟ್ಟವು ಎಂಬುದನ್ನು ಅವನ್ನು ಮಾಡಿದವರು ಊಹಿಸಿರಲಾರರು. ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದವರಿಗೆ ಒಗಟು ಬಿಡಿಸುವುದಕ್ಕಿಂತ ಕಾಗುಣಿತ ತಪ್ಪಿಲ್ಲದೆ ಇಂಗ್ಲಿಷ್ ಕ್ರಿಯಾಪದ ಹೊಡೆಯುವುದೇ ದೊಡ್ಡ ಸಾಹಸ. ಒಗಟುಗಳೂ ಆ ನೆಲದವೇ. ‘ಕಿಂಗ್ಸ್ ಕ್ವೆಸ್ಟ್’ನಲ್ಲಿ ಒಬ್ಬ ಕುಬ್ಜ ತನ್ನ ಹೆಸರನ್ನು ಊಹಿಸು ಎನ್ನುತ್ತಾನೆ. ಅವನು ರಂಪಲ್‌ಸ್ಟಿಲ್ಟ್‌ಸ್ಕಿನ್ ಎಂಬ ಜರ್ಮನ್ ಜಾನಪದ ಕಥೆಯ ಪಾತ್ರ ಎಂದು ಮೊದಲು ತಿಳಿಯಬೇಕು. ಆಮೇಲೆ ಆ ಹೆಸರನ್ನು ಹಿಂದುಮುಂದಾಗಿಸಿದರೂ ಸಾಲದು. ಇಂಗ್ಲಿಷ್ ವರ್ಣಮಾಲೆಯನ್ನೇ ತಿರುಗಿಸಿ, ಮೊದಲ ಅಕ್ಷರದ ಜಾಗದಲ್ಲಿ ಕೊನೆಯದು ಎಂಬ ಕ್ರಮದಲ್ಲಿ ಬರೆಯಬೇಕು. ಹೆಸರು ಹೊಳೆಯದಿದ್ದರೆ ಬೇರೆ ದಾರಿಯೊಂದನ್ನು ಆಟ ಬಿಟ್ಟಿದೆ ಎಂಬುದು ಸಮಾಧಾನ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಮಗು ಇಲ್ಲಿ ಸೋತರೆ ಅದು ಬುದ್ಧಿಯ ಸೋಲಲ್ಲ.

ಅದೇ ಸರಣಿಯ ಐದನೆಯ ಆಟದಲ್ಲಿ, 1990ರಲ್ಲಿ, ಇಂಥ ಸಮಾಧಾನವೂ ಇಲ್ಲ. ಊರಿನ ಬೀದಿಯಲ್ಲಿ ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕೆಲವೇ ಕ್ಷಣ. ಆಗ ಮರುಭೂಮಿಯಲ್ಲಿ ಸಿಕ್ಕ ಹಳೆಯ ಬೂಟನ್ನೋ ಅಂಥದ್ದೇನನ್ನೋ ಬೆಕ್ಕಿನತ್ತ ಎಸೆದು ಇಲಿಯನ್ನು ಉಳಿಸಬೇಕು. ಉಳಿಸದಿದ್ದರೆ ಆಗ ಏನೂ ಆಗುವುದಿಲ್ಲ. ಬಹಳ ಹೊತ್ತಿನ ನಂತರ ನಾಯಕನನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿದಾಗ, ಹಗ್ಗ ಕಡಿಯಲು ಬರಬೇಕಾದ ಆ ಇಲಿ ಬರುವುದಿಲ್ಲ. ಆಟ ಅಲ್ಲಿಗೆ ನಿಂತಿತು. ತಪ್ಪು ಎಲ್ಲಿ ನಡೆಯಿತೆಂದು ಯಾರೂ ಹೇಳುವುದಿಲ್ಲ. ಹಳೆಯ ಸೇವ್ ಇಲ್ಲದಿದ್ದರೆ ಮೊದಲಿನಿಂದ ಆರಂಭ. ಆಡುವವರ ಸಮಯಕ್ಕೆ ಬೆಲೆಯೇ ಕೊಡದ ಇಂಥ ವಿನ್ಯಾಸವನ್ನು ಹಳೆಯ ಕಾಲದ ಸೊಗಸು ಎಂದು ಹೊಗಳುವವರಿದ್ದಾರೆ. ನನಗೆ ಅದರಲ್ಲಿ ಸೊಗಸೇನೂ ಕಾಣುವುದಿಲ್ಲ.

ಲೂಕಾಸ್‌ಫಿಲ್ಮ್ ಗೇಮ್ಸ್‌ನ ಆಟ ವಿನ್ಯಾಸಕ ರಾನ್ ಗಿಲ್ಬರ್ಟ್ ಇದನ್ನು ಅಂದೇ ಹೇಳಿದ್ದರು. ಗ್ಯಾರಿ ವಿನ್ನಿಕ್ ಜೊತೆ 1987ರಲ್ಲಿ ಅವರು ಮಾಡಿದ ‘ಮೇನಿಯಾಕ್ ಮ್ಯಾನ್ಶನ್’ನಲ್ಲಿ ಟೈಪ್ ಮಾಡುವ ಗೊಡವೆ ಇಲ್ಲ, ಪರದೆಯ ಕೆಳಗಿರುವ ಕ್ರಿಯಾಪದವನ್ನೂ ಮೇಲಿರುವ ವಸ್ತುವನ್ನೂ ಆರಿಸಿದರಾಯಿತು. 1989ರಲ್ಲಿ ಸಾಹಸ ಆಟಗಳ ದೋಷಗಳ ಬಗ್ಗೆ ಒಂದು ಕಟು ಪ್ರಬಂಧ ಬರೆದು, ಆಡುವವರನ್ನು ಗೊತ್ತಿಲ್ಲದಂತೆ ಮೂಲೆಗೆ ತಳ್ಳುವುದು ಕೂಡದು ಎಂದು ವಾದಿಸಿದರು. ಮರುವರ್ಷದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಆ ವಾದವನ್ನು ಆಡಿ ತೋರಿಸಿತು. ಅಲ್ಲಿ ಕತ್ತಿವರಸೆಯನ್ನು ಗೆಲ್ಲುವುದು ಎದುರಾಳಿಯ ಕುಹಕಕ್ಕೆ ತಕ್ಕ ಮಾರುತ್ತರ ಕೊಟ್ಟು. ನಾಯಕ ಸಾಯಲು ಇರುವ ದಾರಿಯೂ ಒಂದೇ. ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಎಂದು ಕೊಚ್ಚಿಕೊಳ್ಳುವ ಅವನನ್ನು ನೀರಿನಡಿ ನಿಜವಾಗಿಯೂ ಹತ್ತು ನಿಮಿಷ ನಿಲ್ಲಿಸಿದರೆ ಮಾತ್ರ ಸಾಯುತ್ತಾನೆ. ಅಕ್ಕನ ಮಗಳು ಗಡಿಯಾರ ಇಟ್ಟುಕೊಂಡು ಅದನ್ನೂ ಪರೀಕ್ಷಿಸಿದಳು. ಕಿಂಗ್ಸ್ ಕ್ವೆಸ್ಟನ್ನು ಅವಳು ಅರ್ಧಕ್ಕೆ ಬಿಟ್ಟಿದ್ದಾಳೆ. ಮಂಕಿ ಐಲ್ಯಾಂಡನ್ನು ಮುಗಿಸಿದ್ದಾಳೆ.

ಇಷ್ಟು ಹಳೆಯ ಆಟ ಇಂದಿನ ಲ್ಯಾಪ್‌ಟಾಪಿನಲ್ಲಿ ಓಡುವುದಾದರೂ ಹೇಗೆ? 4.77 ಮೆಗಾಹರ್ಟ್ಸ್ ವೇಗದ ಪ್ರೊಸೆಸರನ್ನು ನಂಬಿ ಬರೆದ ಕೆಲವು ಕಾರ್ಯಕ್ರಮಗಳು ವೇಗದ ಯಂತ್ರದಲ್ಲಿ ಹುಚ್ಚೆದ್ದು ಓಡುತ್ತವೆ, ಆಡಲಾಗುವುದಿಲ್ಲ. ಗಿಲ್ಬರ್ಟ್ ತಂಡ ಮೇನಿಯಾಕ್ ಮ್ಯಾನ್ಶನ್‌ಗಾಗಿ ಸ್ಕಮ್ ಎಂಬ ವ್ಯವಸ್ಥೆ ಕಟ್ಟಿತ್ತು. ಕಥೆ, ಮಾತು, ಒಗಟುಗಳೆಲ್ಲ ಒಂದು ಸ್ವಂತ ಪುಟ್ಟ ಭಾಷೆಯಲ್ಲಿ. ಆ ಭಾಷೆಯನ್ನು ಓದಿ ನಡೆಸುವ ಕಾರ್ಯಕ್ರಮ ಬೇರೆ. ಅಕ್ಷರ ಆಟಗಳ ಇನ್ಫೋಕಾಮ್ ಸಂಸ್ಥೆ 1979ರಲ್ಲೇ ಇಂಥದ್ದನ್ನು ಮಾಡಿತ್ತು. ಕಾಮಡೋರ್ 64 ಎಂಬ ಕಂಪ್ಯೂಟರಿನಿಂದ ಬೇರೆ ಕಂಪ್ಯೂಟರಿಗೆ ಆಟವನ್ನು ಒಯ್ಯಬೇಕಾದರೆ ನಡೆಸುವ ಕಾರ್ಯಕ್ರಮವನ್ನಷ್ಟೇ ಹೊಸದಾಗಿ ಬರೆದರೆ ಸಾಕೆಂಬ ವ್ಯಾಪಾರದ ಲೆಕ್ಕ ಅದು. 2001ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಮತ್ತು ವಿನ್ಸೆಂಟ್ ಹ್ಯಾಮ್ ಆರಂಭಿಸಿದ ಸ್ಕಮ್‌ವಿಎಂ ಮಾಡುವುದೂ ಅದನ್ನೇ. ಅದು ಇಂದಿನ ಯಂತ್ರಗಳಿಗಾಗಿ ಬರೆದ ನಡೆಸುವ ಕಾರ್ಯಕ್ರಮ; ಉಚಿತ, ಮೂಲಸಂಕೇತ ಎಲ್ಲರಿಗೂ ಮುಕ್ತ, ಮೊಬೈಲಿನಲ್ಲೂ ಓಡುತ್ತದೆ. ನಂತರ ಕಿಂಗ್ಸ್ ಕ್ವೆಸ್ಟ್ ವಂಶದ ಆಟಗಳೂ ಅದರೊಳಗೆ ಬಂದವು.

ಮಾತುಗಳೆಲ್ಲ ಬೇರೆಯಾಗಿ ಇರುವುದರಿಂದ ಅವುಗಳ ಜಾಗದಲ್ಲಿ ಕನ್ನಡ ಇಡಬಹುದೇ ಎಂಬ ಆಸೆ ನನ್ನದು. ಅಡ್ಡಿ ಇರುವುದು ಅಕ್ಷರದ ಎತ್ತರದಲ್ಲಿ. ಈ ಆಟಗಳ ಇಂಗ್ಲಿಷ್ ಅಕ್ಷರ ಎಂಟು ಚುಕ್ಕೆಗಳ ಚೌಕದಲ್ಲಿ ಕೂರುತ್ತದೆ. ‘ಸ್ತ್ರೀ’ ಎಂದು ಬರೆದು ನೋಡಿ: ಮೇಲೆ ಗುಡಿಸು, ನಡುವೆ ಸಕಾರ, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಎಂಟು ಸಾಲಿನಲ್ಲಿ ಇದು ಉಸಿರಾಡಲಾರದು. ಕನ್ನಡದಲ್ಲಿ ಯೂನಿಕೋಡ್ ಬಳಕೆ ಹರಡುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳು ಅಕ್ಷರಗಳನ್ನು ತುಂಡುಗಳಾಗಿ ಒಡೆದು 256 ಸ್ಥಾನಗಳಲ್ಲಿ ಹೊಂದಿಸಿದ್ದವು, ಅದೊಂದು ದಾರಿ. ಜಪಾನಿ, ಚೀನಿ, ಕೊರಿಯನ್ ಆವೃತ್ತಿಗಳಿಗಾಗಿ ಪ್ರತಿ ಅಕ್ಷರಕ್ಕೆ ಎರಡು ಬೈಟ್ ಕೊಡುವ ಏರ್ಪಾಡು ಸ್ಕಮ್‌ವಿಎಂನಲ್ಲಿ ಈಗಾಗಲೇ ಇದೆ. ಒಂದು ಆಟದ ಸಂಭಾಷಣೆಯಲ್ಲಿ ಬರುವ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಒಂದೊಂದು ಇಡಿಯ ಚಿತ್ರವಾಗಿ ಬರೆದು ಆ ಸ್ಥಾನಗಳಲ್ಲಿ ಕೂರಿಸಬಹುದು ಎಂಬುದು ನನ್ನ ಎಣಿಕೆ. ತಂತ್ರಾಂಶ ಬರೆಯಬಲ್ಲ ಕನ್ನಡಿಗರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಸ್ಕಮ್‌ವಿಎಂನಲ್ಲಿ ಓಡುವ, ರೆವಲ್ಯೂಷನ್ ಸಂಸ್ಥೆಯ 1994ರ ಸಾಹಸ ಆಟ ‘ಬಿನೀತ್ ಎ ಸ್ಟೀಲ್ ಸ್ಕೈ’ 2003ರಿಂದ ಉಚಿತವಾಗಿ ಸಿಗುತ್ತಿದೆ. ಹಕ್ಕುದಾರರ ಒಪ್ಪಿಗೆ ಕೇಳಿಕೊಂಡು ಅದರಿಂದಲೇ ಶುರು ಮಾಡಬಹುದು. ಅಕ್ಷರಗಳ ಪಟ್ಟಿ ಮಾಡುವ ಕೆಲಸಕ್ಕೆ ನಾನು ಸಿದ್ಧ.