ಖಾಲಿ ಬಿಟ್ಟ 12 ಪ್ರಶ್ನೆ

ಮೂಡಿಗೆರೆ ಕಡೆಯ ಹುಡುಗಿ. ಅಪ್ಪ, ಅಮ್ಮ ಇಬ್ಬರಿಗೂ ಎಸ್ಟೇಟ್ ಕೆಲಸ, ವಾಸ ಲೈನ್ ಮನೆಯಲ್ಲಿ. ಸಿಇಟಿ ಮುಗಿದ ಮೇಲೆ ಫಿಸಿಕ್ಸ್ ಒಎಂಆರ್ ಉತ್ತರ ಹಾಳೆಯ ಪ್ರತಿ ತಂದು ತೋರಿಸಿದಳು. 60 ಪ್ರಶ್ನೆಯಲ್ಲಿ 12 ಖಾಲಿ.

‘ಯಾಕಮ್ಮ ಬಿಟ್ಟೆ?’

‘ಗೊತ್ತಿರಲಿಲ್ಲ ಸಾರ್. ಗೊತ್ತಿಲ್ದೇ ಇರೋದಕ್ಕೆ ಸುಮ್ನೆ ಹೆಂಗೆ ಗುರುತು ಹಾಕೋದು?’

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇರುವುದು ನಾಲ್ಕೇ ಆಯ್ಕೆ. ಕಣ್ಣು ಮುಚ್ಚಿ ತುಂಬಿದ್ದರೂ 12ಕ್ಕೆ ಸರಾಸರಿ 3 ಅಂಕ ಸಿಗುತ್ತಿತ್ತು. ಮೂರು ವಿಷಯದಲ್ಲೂ ಹೀಗೇ ಬಿಟ್ಟರೆ 180ಕ್ಕೆ 9 ಅಂಕ ಹೋಯಿತು. ಮಧ್ಯದ ರ‍್ಯಾಂಕುಗಳಲ್ಲಿ ಅಷ್ಟು ಅಂಕಕ್ಕೆ ಸಾವಿರಾರು ಜನ ಮುಂದೆ ದಾಟಿ ಹೋಗುತ್ತಾರೆ. ಪೇಟೆಯಲ್ಲಿ ಕೋಚಿಂಗ್‌ಗೆ ಹೋಗುವ ಹುಡುಗನಿಗೆ ಇದು ಮೊದಲ ವಾರವೇ ಗೊತ್ತಿರುತ್ತದೆ. ಇದು ಫಿಸಿಕ್ಸ್ ಅಲ್ಲ, ಆದರೂ ಫಿಸಿಕ್ಸ್ ಅಂಕ ಅಂತಲೇ ಲೆಕ್ಕಕ್ಕೆ ಬರುತ್ತದೆ. ಅವಳಿಗೆ ಹೇಳಿಕೊಡಬೇಕಾದವನು ನಾನು. ಹೇಳಿರಲಿಲ್ಲ.

ಹಾಗಂತ ಇಷ್ಟೇ ಕಾರಣ ಅಂದರೆ ಸುಳ್ಳಾಗುತ್ತದೆ. ತಪ್ಪಾದ ಲೆಕ್ಕಗಳನ್ನು ಅವಳ ಕೈಯಲ್ಲೇ ಮತ್ತೆ ಬಿಡಿಸಿದೆ. ಸೂತ್ರ ಸರಿಯಾಗೇ ಬರೆಯುತ್ತಾಳೆ, ಭಿನ್ನರಾಶಿ ಬಂದ ಕೂಡಲೇ ಎಡವುತ್ತಾಳೆ. ಇದು ಪಿಯುಸಿಯ ಕೊರತೆ ಅಲ್ಲ, ಐದನೇ ಕ್ಲಾಸಿನದು. ಆಗ ಸಂಜೆ ಪಕ್ಕದಲ್ಲಿ ಕೂತು ತಿದ್ದುವವರು ಮನೆಯಲ್ಲಿ ಇರಲಿಲ್ಲ. ಕೆಲಸ ಮುಗಿಸಿ ಬಂದ ಅಮ್ಮನಿಗೆ ಒಲೆ ಹಚ್ಚುವುದೇ ಸಾಕಾಗಿರುತ್ತಿತ್ತು.

ಇದು ನಮ್ಮ ಮಲೆನಾಡಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಎಸ್‌ಎಟಿ ಅಂತ ಪರೀಕ್ಷೆ ಇದೆ, 1600 ಅಂಕದ್ದು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಅವರ ತಂಡ 2023ರಲ್ಲಿ ಲೆಕ್ಕ ಹಾಕಿತು. ಅದರಲ್ಲಿ 1300 ದಾಟುವ ಸಾಧ್ಯತೆ, ಕೆಳಗಿನ ಶೇ. 20 ಕುಟುಂಬಗಳ ಮಕ್ಕಳಿಗಿಂತ ಮೇಲಿನ ಶೇ. 1 ಶ್ರೀಮಂತರ ಮಕ್ಕಳಿಗೆ 13 ಪಟ್ಟು ಜಾಸ್ತಿ. ಹದಿನೇಳು ವರ್ಷದ ಟ್ಯೂಷನ್, ಪುಸ್ತಕ, ನೆಮ್ಮದಿ ಎಲ್ಲ ಒಂದೇ ಬೆಳಿಗ್ಗೆ ಅಂಕವಾಗಿ ಹೊರಗೆ ಬರುತ್ತದೆ, ಅಲ್ವಾ?

ಹಾಗಾದರೆ ಸಿಇಟಿಯೇ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಪಿಯುಸಿ ಅಂಕವೂ ಸೇರುತ್ತದೆ. ಸಿಇಟಿ ತೆಗೆದರೆ ಉಳಿಯುವುದು ಅದೊಂದೇ, ಅದೂ ಮನೆಯ ಸ್ಥಿತಿಯನ್ನು ಹೊತ್ತುಕೊಂಡೇ ಬರುತ್ತದೆ.

ಈಗ ಪ್ರತಿ ಶನಿವಾರ ಹಳೇ ಪ್ರಶ್ನೆಪತ್ರಿಕೆ ಕೊಟ್ಟು, ಟೇಬಲ್ ಮೇಲೆ ಗಡಿಯಾರ ಇಟ್ಟು, ಸರಿಯಾಗಿ 80 ನಿಮಿಷ ಬರೆಸುತ್ತೇನೆ. ಒಂದೂ ಖಾಲಿ ಬಿಡಬಾರದು. ನವೆಂಬರ್‌ವರೆಗೆ ಎಲ್ಲರೂ ಇರುತ್ತಾರೆ. ಕಾಫಿ ಕೊಯ್ಲು ಜೋರಾಯಿತೋ, ಲೈನ್ ಮನೆಯ ಮಕ್ಕಳು ತಮ್ಮ, ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಜನವರಿಯ ಶನಿವಾರಗಳಲ್ಲಿ ಹಿಂದಿನ ಎರಡು ಬೆಂಚು ಖಾಲಿ.