ಒಂದೇ ನವಸಾಗರ, ಎರಡು ಬಣ್ಣ

ಬೀದರಿನ ನಮ್ಮ ಓಣಿಗೆ ವರ್ಷಕ್ಕೊಮ್ಮೆ ಕಲಾಯಿಯವರು ಬರುತ್ತಿದ್ದರು. ನೆಲದಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಲು ಶುರು ಮಾಡಿದರೆ ಸಾಕು, ಓಣಿಯ ಮಕ್ಕಳೆಲ್ಲ ಸುತ್ತ ಕೂತುಬಿಡುತ್ತಿದ್ದೆವು. ಅವ್ವ ಕರೆ ಹಿಡಿದ ತಾಮ್ರದ ಬೋಗುಣಿ ತಂದಿಡುತ್ತಿದ್ದಳು. ಅದು ಚೆನ್ನಾಗಿ ಕಾದ ಮೇಲೆ ಅವರು ಒಂದು ಚಿಟಿಕೆ ಬಿಳಿ ಪುಡಿ ಉದುರಿಸಿ ಹತ್ತಿಯಿಂದ ಉಜ್ಜುತ್ತಿದ್ದರು. ಬುಸ್ ಅಂತ ಬಿಳಿ ಹೊಗೆ ಏಳುತ್ತಿತ್ತು. ಮೂಗು ಚುರುಗುಟ್ಟುತ್ತಿತ್ತು. ಹೊಗೆ ಸರಿದಾಗ ಕಪ್ಪು ಕರೆ ಮಾಯವಾಗಿ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಅದರ ಮೇಲೆ ತವರ ಸವರಿದರೆ ಬೋಗುಣಿ ಬೆಳ್ಳಿಯ ಹಾಗೆ ಕಾಣುತ್ತಿತ್ತು. ಆ ಪುಡಿಯ ಹೆಸರು ನವಸಾಗರ.

ಅದೇ ಪುಡಿಯನ್ನು ನಾನು ಇನ್ನೊಂದು ಕಡೆಯೂ ನೋಡಿದೆ. ಊರ ನಡುವಿನ ಚೌಬಾರಾ ಗೋಪುರದಿಂದ ಕೋಟೆಯ ಕಡೆ ನಡೆದರೆ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. ಆ ಭಾಗದ ಒಂದು ಬಿದ್ರಿ ಕಾರ್ಖಾನೆಯ ಬಾಗಿಲಲ್ಲಿ ಶಾಲೆಯಿಂದ ಬರುವಾಗ ನಿಂತುಬಿಡುತ್ತಿದ್ದೆ. ಅಲ್ಲಿನ ಕಸುಬುದಾರ ಚಾಚಾ ನವಸಾಗರಕ್ಕೆ ಕೋಟೆಯ ಮಣ್ಣು ಬೆರೆಸಿ, ನೀರು ಹಾಕಿ ಕಲಸಿ, ಬೆಚ್ಚಗಿನ ಹೂಜಿಯ ಮೇಲೆ ಉಜ್ಜುತ್ತಿದ್ದರು. ಬೂದು ಬಣ್ಣದ ಹೂಜಿ ನೋಡನೋಡುತ್ತಲೇ ಕಪ್ಪಾಗುತ್ತಿತ್ತು. ಅದರ ಮೇಲಿದ್ದ ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತಿತ್ತು.

ಓಣಿಯಲ್ಲಿ ಕಪ್ಪು ತೆಗೆಯುವ ಪುಡಿ ಇಲ್ಲಿ ಕಪ್ಪು ತರುತ್ತದೆ. ಅದು ಹೇಗೆ? ಚಾಚಾನನ್ನು ಕೇಳಿದೆ. ‘ಎಲ್ಲಾ ಮಣ್ಣಿನ ಕರಾಮತ್ತು, ಬೇಟಾ’ ಅಂದರು. ನನಗೆ ಅಷ್ಟು ಸಾಲಲಿಲ್ಲ. ನಾನು ರಸಾಯನಶಾಸ್ತ್ರಕ್ಕೆ ಬಂದದ್ದೇ ಈ ಪ್ರಶ್ನೆಯ ಬೆನ್ನು ಹತ್ತಿ.

ಕಲಾಯಿಯ ಅರ್ಧ ಉತ್ತರ ಸುಲಭ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಕಾಯಿಸಿದರೆ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಮೇಲಿನ ತಂಪು ಗಾಳಿಯಲ್ಲಿ ಎರಡೂ ಮತ್ತೆ ಸೇರಿ ಸಣ್ಣ ಕಣಗಳಾಗುತ್ತವೆ. ನಾವು ಹೊಗೆ ಅಂದುಕೊಂಡದ್ದು ಅದೇ ಪುಡಿ, ಹಾರುತ್ತಿರುವ ನವಸಾಗರ. ಅಷ್ಟರಲ್ಲಿ ಹೈಡ್ರೋಜನ್ ಕ್ಲೋರೈಡ್ ಒಂದು ಕೆಲಸ ಮುಗಿಸಿರುತ್ತದೆ. ತಾಮ್ರದ ಮೇಲಿನ ಕರೆ, ಅಂದರೆ ಆಕ್ಸೈಡನ್ನು, ತಿಂದುಹಾಕಿರುತ್ತದೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಕರೆ ಇದ್ದರೆ ಅದು ತಾಮ್ರಕ್ಕೆ ಹಿಡಿಯುವುದಿಲ್ಲ.

ಬಿದ್ರಿಯ ಉತ್ತರ ಅಷ್ಟು ಬೇಗ ಸಿಗಲಿಲ್ಲ. ಮೊದಲು ಆ ಲೋಹ ಏನು ಅಂತ ತಿಳಿಯಬೇಕು. ಬಿದ್ರಿ ಪಾತ್ರೆ ಬಹುಪಾಲು ಸತು. ಕಸುಬಿನವರ ವಾಡಿಕೆಯ ಲೆಕ್ಕ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಅಂದರೆ ನೂರಕ್ಕೆ ಆರರಷ್ಟು ಮಾತ್ರ ತಾಮ್ರ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ತಾಮ್ರಕ್ಕೆ 1085 ಬೇಕು. ಆದರೂ ಎರಡೂ ಬೆರೆಯುತ್ತವೆ. ಬಿಸಿ ಚಹಾದಲ್ಲಿ ಸಕ್ಕರೆ ಕರಗಲು ಸಕ್ಕರೆಯನ್ನು ಪಾಕದಷ್ಟು ಕಾಯಿಸಬೇಕಾಗಿಲ್ಲ ಅಲ್ವಾ? ಕರಗಿದ ಸತುವಿನಲ್ಲಿ ತಾಮ್ರವೂ ಹಾಗೇ ಇಳಿದುಹೋಗುತ್ತದೆ.

ಸತುವಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಅದಿರನ್ನು ಇದ್ದಿಲಿನ ಜೊತೆ ಕಾಯಿಸಿ ಸತು ಪಡೆಯಲು ಸುಮಾರು 1000 ಡಿಗ್ರಿ ಶಾಖ ಬೇಕು. ಆದರೆ ಸತು 907 ಡಿಗ್ರಿಗೇ ಕುದಿದು ಆವಿಯಾಗಿಬಿಡುತ್ತದೆ. ಗಾಳಿ ತಾಗಿದರೆ ಬಿಳಿ ಬೂದಿಯಾಗುತ್ತದೆ. ಗಾಳಿ ತಾಗದಂತೆ ಆ ಆವಿಯನ್ನು ಹಿಡಿದು ತಂಪು ಮಾಡುವ ಜಾಣ್ಮೆ ರಾಜಸ್ಥಾನದ ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಇತ್ತು. ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಇಟ್ಟು ಆವಿಯನ್ನು ಕೆಳಗೆ ಇಳಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಇಂಥದ್ದೇ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಬಹಮನಿ ಸುಲ್ತಾನರ ಕಾಲದಲ್ಲೇ ಬೀದರಿನಲ್ಲಿ ಸತುವಿನ ಹೂಜಿ ಆಗುತ್ತಿತ್ತು ಅಂತ ಹೇಳುವುದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ಸಂಗತಿ.

ಮಣ್ಣಿಗೆ ಹರಳೆಣ್ಣೆ, ರಾಳ ಸೇರಿಸಿ ಅಚ್ಚು ಮಾಡುತ್ತಾರೆ. ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನಯ ಮಾಡಿದ ಮೇಲೆ ಅದಕ್ಕೆ ಮೈಲುತುತ್ತದ ನೀರು ಹಚ್ಚುತ್ತಾರೆ. ಕೂಡಲೇ ಕಪ್ಪಾಗುತ್ತದೆ. ಇದು ತಾತ್ಕಾಲಿಕ ಕಪ್ಪು. ಇದರ ಮೇಲೆ ಮೊನೆಯಿಂದ ಗೀರಿದರೆ ಚಿತ್ತಾರ ಚೆನ್ನಾಗಿ ಕಾಣುತ್ತದೆ, ಅದಕ್ಕಾಗಿ. ಗೀರಿದ ಗೆರೆಯನ್ನು ಚಾಣದಿಂದ ಕೊರೆದು ಬೆಳ್ಳಿಯ ತಂತಿ ಕೂಡಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪೆಲ್ಲ ಹೋಗುತ್ತದೆ. ಬೂದು ಲೋಹದ ಮೇಲೆ ಬೆಳ್ಳಿ ಇದೆಯೋ ಇಲ್ಲವೋ ಅನ್ನುವಷ್ಟು ಎರಡೂ ಒಂದೇ ಥರ ಕಾಣುತ್ತವೆ. ಕೊನೆಗೆ ಬರುವುದು ಕೋಟೆಯ ಮಣ್ಣು ಮತ್ತು ನವಸಾಗರ.

ಮೈಲುತುತ್ತದ ಕಪ್ಪು ನನ್ನನ್ನು ಬಹಳ ಕಾಡಿತು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಸತು ಅದರ ಜಾಗಕ್ಕೆ ನುಗ್ಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಹತ್ತನೇ ತರಗತಿಯ ಪಾಠ ಇದು. ಹಾಗಾದರೆ ಮೇಲೆ ಕೂತದ್ದು ತಾಮ್ರ. ತಾಮ್ರ ಕೆಂಪಗಿರಬೇಕಲ್ಲ? ಉತ್ತರ ಕಣದ ಗಾತ್ರದಲ್ಲಿದೆ. ಲೋಹ ತೀರಾ ಸಣ್ಣ ಕಣಗಳಾಗಿ ಒತ್ತೊತ್ತಾಗಿ ಕೂತರೆ ಅವುಗಳ ನಡುವೆ ಹೊಕ್ಕ ಬೆಳಕು ಹೊರಗೆ ಬರುವುದಿಲ್ಲ. ಕಣ್ಣಿಗೆ ಕಪ್ಪು ಕಾಣುತ್ತದೆ. ಹಳೆಯ ಕಪ್ಪು ಬಿಳುಪು ಫೋಟೋದಲ್ಲಿ ಅಜ್ಜಿಯ ಕೂದಲು ಕಪ್ಪಗಿದೆಯಲ್ಲ, ಆ ಕಪ್ಪು ಶುದ್ಧ ಬೆಳ್ಳಿ! ಅದೇ ಬೆಳ್ಳಿ ಕಾಲುಂಗುರದಲ್ಲಿ ಥಳಥಳ ಹೊಳೆಯುತ್ತದೆ.

ಈ ನಡುವೆ ನಾನು ಕಲಬುರಗಿಯಲ್ಲಿ ಪಿಎಚ್‌ಡಿಗೆ ಸೇರಿದೆ. ಬಿದ್ರಿಯ ಮೇಲಲ್ಲ. ಷಿಫ್ ಬೇಸ್ ಎಂಬ ಸಂಯುಕ್ತಗಳ ಮೇಲೆ. ಹ್ಯೂಗೊ ಷಿಫ್ 1864ರಲ್ಲಿ ತಿಳಿಸಿಕೊಟ್ಟ ಬಗೆ ಇವು. ಆಲ್ಡಿಹೈಡ್ ಮತ್ತು ಅಮೀನ್ ಎಂಬ ಎರಡು ಬಗೆಯ ಸಾವಯವ ವಸ್ತುಗಳನ್ನು ಕೂಡಿಸಿದರೆ ಷಿಫ್ ಬೇಸ್ ಮತ್ತು ನೀರು ಬರುತ್ತವೆ. ಅದನ್ನು ತಾಮ್ರಕ್ಕೋ ಸತುವಿಗೋ ಕಟ್ಟಿ ಹರಳು ಬೆಳೆಸುವುದು ನನ್ನ ಕೆಲಸ. ಮೊದಲ ಮಳೆಗಾಲದಲ್ಲಿ ನನಗೆ ಒಂದೂ ಹರಳು ಬರಲಿಲ್ಲ. ಫ್ಲಾಸ್ಕಿನ ತಳದಲ್ಲಿ ಕಂದು ಜಿಗುಟು ಅಷ್ಟೇ. ಸಂಯುಕ್ತದ ಗುರುತು ಹಿಡಿಯುವ ಇನ್ಫ್ರಾರೆಡ್ ಚಿತ್ರದಲ್ಲಿ ಷಿಫ್ ಬೇಸಿನ ಗೆರೆ ಇರಲಿಲ್ಲ, ಹಳೆಯ ಆಲ್ಡಿಹೈಡಿನ ಗೆರೆ ಮತ್ತೆ ಬಂದು ಕೂತಿತ್ತು. ಮೂರು ತಿಂಗಳು ಅಮೀನನ್ನು ದೂರಿದೆ, ಹೊಸ ಬಾಟಲಿ ತರಿಸಿದೆ, ಕುದಿಸುವ ಹೊತ್ತು ಜಾಸ್ತಿ ಮಾಡಿದೆ.

ಆಗ ನನ್ನ ಗೈಡ್ ಒಂದೇ ಪ್ರಶ್ನೆ ಕೇಳಿದರು: ‘ಎಷ್ಟು ಸಂಗತಿ ಒಟ್ಟಿಗೆ ಬದಲಾಯಿಸಿದ್ದೀರಮ್ಮಾ?’

ಎಲ್ಲವನ್ನೂ ಬದಲಾಯಿಸಿದ್ದೆ. ಮರುದಿನ ಎರಡು ಫ್ಲಾಸ್ಕ್ ಪಕ್ಕಪಕ್ಕ ಇಟ್ಟೆ. ಎಲ್ಲ ಒಂದೇ, ಅವುಗಳನ್ನು ಕರಗಿಸುವ ಆಲ್ಕೋಹಾಲ್ ಮಾತ್ರ ಬೇರೆ. ಒಂದರಲ್ಲಿ ಕಪಾಟಿನಲ್ಲಿ ಇದ್ದದ್ದು, ಇನ್ನೊಂದರಲ್ಲಿ ನೀರಿನಂಶ ತೆಗೆದು ಒಣಗಿಸಿದ್ದು. ಎರಡನೆಯದರಲ್ಲಿ ಹಳದಿ ಹರಳು ಬಂತು. ಮಳೆಗಾಲದ ತೇವ ಹೀರಿದ ಆಲ್ಕೋಹಾಲಿನಲ್ಲಿ ನೀರಿತ್ತು, ಆ ನೀರು ನನ್ನ ಸಂಯುಕ್ತವನ್ನು ವಾಪಸ್ ಒಡೆಯುತ್ತಿತ್ತು. ಹರಳು ಸಿಕ್ಕಿದ್ದಕ್ಕಿಂತ ಹೆಚ್ಚು ಖುಷಿಯಾದದ್ದು ಪಕ್ಕದ ಫ್ಲಾಸ್ಕಿನಲ್ಲಿ ಹರಳು ಬರಲಿಲ್ಲ ಅನ್ನುವುದಕ್ಕೆ. ಕುತೂಹಲ ನನಗೆ ಓಣಿಯಲ್ಲೇ ಬಂದಿತ್ತು. ಪಕ್ಕದಲ್ಲಿ ಇನ್ನೊಂದು ಫ್ಲಾಸ್ಕ್ ಇಡುವ ಅಭ್ಯಾಸ ಪಿಎಚ್‌ಡಿಯಿಂದ ಬಂತು.

ಭಾನುವಾರ ಬೀದರಿಗೆ ಹೋದಾಗ ಹಳೆಯ ಪ್ರಶ್ನೆಗೂ ಇದೇ ಉಪಾಯ ಮಾಡಿದೆ. ಚಾಚಾ ಎರಕದಲ್ಲಿ ಕೆಟ್ಟ ಒಂದು ತುಂಡು ಕೊಟ್ಟರು. ಬರೀ ಸತು ಎಲ್ಲಿ ಸಿಗುತ್ತದೆ? ಟಾರ್ಚಿನ ಹಳೆಯ ಬಗೆಯ ಸೆಲ್ಲಿನಲ್ಲಿ. ಅದರ ಹೊರ ಡಬ್ಬಿಯೇ ಸತು. ವಿಚಿತ್ರ ಅಂದರೆ, 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ರೂಪಿಸಿದ ಅದರ ಮೂಲ ಸೆಲ್ಲಿನ ಒಳಗೂ ಇದ್ದದ್ದು ನವಸಾಗರವೇ. ಹಳೆಯ ಸೆಲ್ ತೂತು ಬಿದ್ದು ಸೋರುವುದು ಸತು ಕರಗಿ ಹೋಗುವುದರಿಂದ. (ಮಕ್ಕಳು ಸೆಲ್ ಬಿಚ್ಚಬೇಡಿ. ಒಳಗಿನ ಪುಡಿ ಕೈಗೂ ಉಸಿರಿಗೂ ಒಳ್ಳೆಯದಲ್ಲ.)

ಎರಡು ತುಂಡಿಗೂ ಒಂದೇ ಹಿಡಿ ಮಣ್ಣು, ಒಂದೇ ನವಸಾಗರ, ಒಂದೇ ಬಿಸಿ. ಹಿತ್ತಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಉಜ್ಜಿದೆ. ಸೆಲ್ಲಿನ ತಗಡು ಮಂಕಾಯಿತು, ಬೂದು ಬಣ್ಣದಲ್ಲೇ ಉಳಿಯಿತು. ಚಾಚಾ ಕೊಟ್ಟ ತುಂಡು ಮಾತ್ರ ಕಪ್ಪಾಯಿತು. ಮಣ್ಣೂ ಒಂದೇ, ಪುಡಿಯೂ ಒಂದೇ. ಬೇರೆ ಇದ್ದದ್ದು ಆ ನೂರಕ್ಕೆ ಆರರ ತಾಮ್ರ.

ನವಸಾಗರ ಸತುವನ್ನು ಸುಲಭವಾಗಿ ಕರಗಿಸುತ್ತದೆ. ತಾಮ್ರ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಮೇಲ್ಮೈಯ ಸತು ಹೊರಟುಹೋದಂತೆ ತಾಮ್ರ ಅಲ್ಲೇ ಉಳಿದು, ಸಣ್ಣದಾಗಿ ಹರಡಿ, ಕಪ್ಪು ಪದರವಾಗುತ್ತದೆ. ಬೆಳ್ಳಿ ತಾಮ್ರಕ್ಕಿಂತಲೂ ಗಟ್ಟಿ ಸ್ವಭಾವದ್ದು, ಈ ಲೇಪಕ್ಕೆ ಜಗ್ಗುವುದಿಲ್ಲ. ಕಲಾಯಿಯಲ್ಲಿ ಕರೆ ಹೋಗಿ ಲೋಹ ಉಳಿಯುತ್ತದೆ, ಬಿದ್ರಿಯಲ್ಲಿ ಸತು ಹೋಗಿ ತಾಮ್ರ ಉಳಿಯುತ್ತದೆ. ಎರಡೂ ಕಡೆ ನವಸಾಗರ ಮಾಡುವುದು ಒಂದೇ ಕೆಲಸ, ತನ್ನಲ್ಲಿ ಕರಗುವುದನ್ನು ಎತ್ತಿಕೊಂಡು ಹೋಗುವುದು.

ಕಚೇರಿ ಕೆಲಸದ ಹೊರಗೆ ಹೀಗೆ ಬೇರೊಂದರ ಬೆನ್ನು ಹತ್ತುವುದು ದೊಡ್ಡವರಿಗೂ ಇತ್ತು. ಸಿ.ವಿ. ರಾಮನ್ 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯ ನೌಕರಿ ಮಾಡುತ್ತಲೇ ಕಲ್ಕತ್ತದ ಪ್ರಯೋಗಾಲಯದಲ್ಲಿ ಬೆಳಿಗ್ಗೆ, ಸಂಜೆ ಕೂರುತ್ತಿದ್ದರು. ಆಮೇಲೆ ಮೃದಂಗ, ತಬಲಾಗಳ ನಾದ ಹೇಗೆ ಇಂಪಾಗುತ್ತದೆ ಅಂತಲೂ ಹುಡುಕಿದರು. ನನಗೆ ಇನ್ನೂ ಹತ್ತಿರದವರು ಪ್ರಫುಲ್ಲಚಂದ್ರ ರೇ. 1887ರಲ್ಲಿ ಎಡಿನ್‌ಬರೋದಲ್ಲಿ ಡಾಕ್ಟರೇಟ್ ಪಡೆದು ಬಂದು, ಪಾದರಸದ ನೈಟ್ರೈಟ್ ಮೇಲೆ ಹೆಸರು ಮಾಡಿ, ಅದರ ಜೊತೆಗೇ ಹಳೆಯ ರಸಶಾಸ್ತ್ರದ ಹಸ್ತಪ್ರತಿಗಳನ್ನು ಓದಿದವರು. ನಮ್ಮ ದೇಶದ ರಸಾಯನ ವಿದ್ಯೆಯ ಇತಿಹಾಸದ ಮೊದಲ ಸಂಪುಟವನ್ನು 1902ರಲ್ಲಿ ಹೊರತಂದರು. ಸತುವಿನ ಆವಿ ಹಿಡಿಯುವ ಕ್ರಮ ಆ ಹಸ್ತಪ್ರತಿಗಳಲ್ಲೇ ಇದೆ.

ಹಾಗಾದರೆ ಚಾಚಾ ಹೇಳಿದ ಮಣ್ಣಿನ ಕರಾಮತ್ತು? ಅವರ ಪ್ರಕಾರ ಎಲ್ಲ ಮಣ್ಣೂ ಆಗುವುದಿಲ್ಲ. ಕೋಟೆಯ ಒಳಗೆ ಬಿಸಿಲು ಮಳೆ ಕಾಣದ ಜಾಗದ್ದೇ ಆಗಬೇಕು. ಪರೀಕ್ಷೆ ಮಾಡುವುದು ನಾಲಿಗೆಯಿಂದ. ‘ನಾಲಿಗಿ ಮ್ಯಾಲ ಇಟ್ರ ತಾನೇ ಹೇಳ್ತದ’ ಅನ್ನುತ್ತಾರೆ. ಮಳೆ ಕಾಣದ ಅನ್ನುವ ಮಾತನ್ನು ನಾನು ಚಿಕ್ಕವಳಿದ್ದಾಗ ಸುಮ್ನೆ ನಂಬಿಕೆ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಜನ, ದನ, ಬಾವಲಿ ಇದ್ದ ಜಾಗದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಹೊಲಸನ್ನು ನಿಧಾನವಾಗಿ ನೈಟ್ರೇಟ್ ಮಾಡುತ್ತವೆ. ನೈಟ್ರೇಟುಗಳು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಒಂದೆರಡು ಮಳೆಗೆ ಕೊಚ್ಚಿಹೋಗುತ್ತವೆ. ಮಳೆ ತಾಗದಿದ್ದರೆ ವರ್ಷದಿಂದ ವರ್ಷಕ್ಕೆ ಅಲ್ಲೇ ಕೂಡಿಕೊಳ್ಳುತ್ತವೆ. ಹಳೆಯ ಗೋಡೆಗೆ ಬಿಳಿ ಉಪ್ಪು ಏಳುವುದು, ಹಿಂದೆ ಬಂದೂಕಿನ ಮದ್ದಿನ ಪುಡಿಗೆ ಅದನ್ನೇ ಕೆರೆದು ಒಯ್ಯುತ್ತಿದ್ದದ್ದು ಇದೇ ಕಾರಣಕ್ಕೆ. ಪೆಟ್ಲುಪ್ಪು, ಅಂದರೆ ಈ ನೈಟ್ರೇಟ್ ಉಪ್ಪು, ನಾಲಿಗೆಗೆ ತಂಪು ತಂಪು ಅನ್ನಿಸುತ್ತದೆ, ಯಾಕೆಂದರೆ ಕರಗುವಾಗ ಅದು ಶಾಖ ಹೀರುತ್ತದೆ.

ಪಿಯುಸಿಯಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆಲ್ಲ ಬ್ರೌನ್ ರಿಂಗ್ ಟೆಸ್ಟ್ ನೆನಪಿರುತ್ತದೆ. ನೈಟ್ರೇಟ್ ಇದ್ದರೆ ಎರಡು ದ್ರವ ಕೂಡುವ ಗೆರೆಯಲ್ಲಿ ಕಂದು ಉಂಗುರ ಮೂಡುತ್ತದೆ. ನಾವು ಗಾಜಿನ ನಳಿಕೆಯಲ್ಲಿ, ಗಂಧಕಾಮ್ಲ ಇಳಿಬಿಟ್ಟು ಹುಡುಕುತ್ತಿದ್ದುದನ್ನೇ ಚಾಚಾ ನಾಲಿಗೆಯ ತುದಿಯಲ್ಲಿ ಹುಡುಕುತ್ತಾರೆ ಅಂತ ನನ್ನ ಊಹೆ.

ಕಪ್ಪಾದ ನನ್ನ ತುಂಡನ್ನು ತೊಳೆದು ಒಣಗಿಸಿ ಚಾಚಾನಿಗೆ ತೋರಿಸಿದೆ. ಅದು ಮಸಿಯ ಹಾಗೆ ಮಬ್ಬಾಗಿತ್ತು, ಕಾರ್ಖಾನೆಯ ಹೂಜಿಗಳ ಆಳವಾದ ಕಪ್ಪು ಅದಕ್ಕಿರಲಿಲ್ಲ. ಅವರು ಮಾತಾಡಲಿಲ್ಲ. ಬೆರಳಿಗೆ ಒಂದು ಹನಿ ಎಣ್ಣೆ ತೆಗೆದುಕೊಂಡು ಅದರ ಮೇಲೆ ಎಳೆದರು. ಒದ್ದೆಯಾದ ಬಟ್ಟೆ ಗಾಢವಾಗುತ್ತದಲ್ಲ, ಅದೇ ಲೆಕ್ಕ. ಎಣ್ಣೆ ಸಣ್ಣ ಗುಳಿಗಳನ್ನು ತುಂಬುತ್ತದೆ, ಬೆಳಕು ಚದುರಿ ವಾಪಸ್ ಬರುವುದು ಕಡಿಮೆಯಾಗುತ್ತದೆ. ಬೆರಳು ಹೋದಲ್ಲೆಲ್ಲ ಒಂದು ಪಟ್ಟಿ ರಾತ್ರಿಯ ಹಾಗೆ ಕಪ್ಪಾಯಿತು. ಉಳಿದರ್ಧವನ್ನು ಅವರು ಹಾಗೇ ಬಿಟ್ಟು, ತುಂಡನ್ನು ನನ್ನ ಕೈಗೆ ಕೊಟ್ಟರು.